ಹೊರರಾಜ್ಯದಿಂದ ಊರ ಕಡೆ ಮರಳುವವರಿಗೆ: ಯಾವುದು ಮೊದಲು, ಯಾವುದು ಆಮೇಲೆ

ಪುಣೆ, ಮುಂಬೈ, ಹೈದರಾಬಾದ್, ಗುರುಗ್ರಾಮ ಅಂತ ಹತ್ತು ಹದಿನೈದು ವರ್ಷ ಹೊರಗಿದ್ದವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ‘ಅಪ್ಪ ಅಮ್ಮನಿಗೆ ವಯಸ್ಸಾಯ್ತು, ಊರ ಕಡೆ ಬಂದುಬಿಡೋಣ ಅಂತಿದ್ದೇವೆ. ಎಲ್ಲಿಂದ ಶುರು ಮಾಡಬೇಕು?’ ಕೇಳುವ ಹೊತ್ತಿಗೆ ಬಹಳ ಜನ ಲಾರಿ ಬಾಡಿಗೆ ವಿಚಾರಿಸಿಯೇ ಆಗಿರುತ್ತದೆ. ಲಾರಿಗಿಂತ ಮೊದಲು ಆಗಬೇಕಾದ ಕೆಲಸ ಬೇಕಾದಷ್ಟಿದೆ. ಅದನ್ನು ಬಿಟ್ಟು ಬಂದವರು ಆಮೇಲೆ ಒಂದು ಸಹಿಗಾಗಿ, ಒಂದು ಟಿಸಿಗಾಗಿ ಮತ್ತೆ ರೈಲು ಹತ್ತಿ ಹಳೆಯ ಊರಿಗೆ ಹೋಗುವುದನ್ನು ನೋಡಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಇದು ಭಾರತದೊಳಗೇ ಬೇರೆ ರಾಜ್ಯದಿಂದ ಕರ್ನಾಟಕಕ್ಕೆ ಬರುವವರಿಗೆ. ವಿದೇಶದಿಂದ ಬರುವವರ ತೆರಿಗೆ, ಬ್ಯಾಂಕ್, ಕಸ್ಟಮ್ಸ್ ನಿಯಮಗಳೇ ಬೇರೆ. ಕೈಯಲ್ಲಿ ಆರು ತಿಂಗಳು ಸಮಯ ಇದ್ದರೆ ನೆಮ್ಮದಿ, ಮೂರು ತಿಂಗಳಿದ್ದರೂ ನಡೆಯುತ್ತದೆ.

1. ಎಷ್ಟು ಹತ್ತಿರ ಅನ್ನುವುದನ್ನು ಮೊದಲು ತೀರ್ಮಾನಿಸಿ

‘ಊರಿಗೆ ವಾಪಸ್’ ಎನ್ನುವ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿವೆ. ಅಪ್ಪ ಅಮ್ಮನ ಮನೆಯಲ್ಲೇ ಇರುವುದು, ಅದೇ ಬೀದಿಯಲ್ಲೋ ಬಡಾವಣೆಯಲ್ಲೋ ಬೇರೆ ಮನೆ ಮಾಡುವುದು, ಅದೇ ಜಿಲ್ಲೆಯ ದೊಡ್ಡ ಊರಿನಲ್ಲಿರುವುದು, ಇಲ್ಲವೇ ಬೆಂಗಳೂರಿಗೆ ಬಂದು ವಾರದ ಕೊನೆಗೆ ಓಡಾಡುವುದು. ಅವರು ತೀರ್ಥಹಳ್ಳಿಯಲ್ಲಿದ್ದು ನೀವು ಬೆಂಗಳೂರಿಗೆ ಬಂದರೆ, ಪುಣೆಯಲ್ಲಿದ್ದಾಗಿನದಕ್ಕಿಂತ ಹತ್ತಿರ ನಿಜ. ಆದರೆ ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ಎದೆನೋವು ಬಂದರೆ ಕೈಗೆ ಸಿಗುವವರು ಆಗಲೂ ಪಕ್ಕದ ಮನೆಯವರೇ. ಯಾವ ಕಾರಣಕ್ಕೆ ಬರುತ್ತಿದ್ದೀರೋ ಆ ಕಾರಣಕ್ಕೆ ಒಪ್ಪುವ ದೂರ ಆರಿಸಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಅವರು ಓಡಾಡಿಕೊಂಡು ಇದ್ದರೆ ಅದೇ ಊರಿನಲ್ಲಿ, ನಡೆದು ಹೋಗುವ ದೂರದಲ್ಲಿ ಬೇರೆ ಮನೆ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ಹದಿನೈದು ವರ್ಷ ಇಬ್ಬರೇ ಇದ್ದವರಿಗೂ ಅವರದೇ ಒಂದು ಕ್ರಮ ಬಂದಿರುತ್ತದೆ: ಏಳರೊಳಗೆ ತಿಂಡಿ, ಮಧ್ಯಾಹ್ನ ಎರಡರಿಂದ ನಾಲ್ಕು ಸದ್ದಿಲ್ಲದ ಮನೆ, ರಾತ್ರಿ ಎಂಟಕ್ಕೆ ಊಟ. ನಿಮ್ಮದು ರಾತ್ರಿ ಹತ್ತರವರೆಗೆ ಮೀಟಿಂಗ್ ಇರುವ ಮನೆ. ಹಾಸಿಗೆ ಹಿಡಿದವರಿದ್ದರೆ, ಒಬ್ಬರೇ ಉಳಿದಿದ್ದರೆ ಮಾತು ಬೇರೆ. ಆಗ ಒಂದೇ ಮನೆಯೇ ಸರಿ.

ಮದುವೆಯಾದವರಿಗೆ ಇನ್ನೊಂದು ಪ್ರಶ್ನೆಯಿದೆ: ಯಾರ ಊರಿಗೆ? ಗಂಡನ ಊರು ಗದಗ, ಹೆಂಡತಿಯ ತವರು ಹಾಸನ ಆಗಿದ್ದರೆ, ಒಬ್ಬರ ತಂದೆ ತಾಯಿಗೆ ಹತ್ತಿರವಾದಷ್ಟೂ ಇನ್ನೊಬ್ಬರ ತಂದೆ ತಾಯಿ ದೂರವೇ ಉಳಿಯುತ್ತಾರೆ. ಇದನ್ನು ಮಾತಾಡದೆ ‘ಊರು ಅಂದರೆ ನಮ್ಮೂರು’ ಎಂದು ಹೊರಟುಬಿಡಬೇಡಿ. ಅತ್ತೆ ಮಾವನ ಆಸ್ಪತ್ರೆ ಓಡಾಟಕ್ಕೆ ಯಾರು, ವರ್ಷದಲ್ಲಿ ಎಷ್ಟು ದಿನ ಅಲ್ಲಿ ಇರುವುದು ಎಂಬುದನ್ನು ಹೊರಡುವ ಮೊದಲೇ ಮಾತಾಡಿ ಮುಗಿಸಿ.

ಸಾಧ್ಯವಾದರೆ ರಜೆ ಹಾಕದೆ, ಕೆಲಸ ಮಾಡುತ್ತಲೇ ಮೂರು ವಾರ ಅಲ್ಲಿದ್ದು ನೋಡಿ. ಹಬ್ಬಕ್ಕೆ ಬಂದಾಗ ಕಾಣುವ ಊರಿಗೂ ಮಂಗಳವಾರ ಮಧ್ಯಾಹ್ನ ಕರೆಂಟ್ ಹೋದಾಗ ಕಾಣುವ ಊರಿಗೂ ವ್ಯತ್ಯಾಸವಿದೆ.

2. ಇಷ್ಟು ವರ್ಷ ನೋಡಿಕೊಂಡವರ ಜೊತೆ ಕೂತು ಮಾತಾಡಿ

ಬಹಳ ಮನೆಗಳಲ್ಲಿ ಊರಲ್ಲೇ ಉಳಿದ ಒಬ್ಬ ತಮ್ಮ, ಒಬ್ಬ ಅಕ್ಕ, ಕೊನೆಗೆ ಒಬ್ಬ ಚಿಕ್ಕಪ್ಪನ ಮಗ ಇರುತ್ತಾರೆ. ಗ್ಯಾಸ್ ಬುಕ್ ಮಾಡಿದವರು, ಪಿಂಚಣಿಯ ಜೀವನ ಪ್ರಮಾಣಪತ್ರಕ್ಕೆ ಪ್ರತಿ ನವೆಂಬರ್ ಬ್ಯಾಂಕಿಗೆ ಕರೆದುಕೊಂಡು ಹೋದವರು, ಕಣ್ಣಿನ ಪೊರೆ ಆಪರೇಷನ್‌ಗೆ ರಜೆ ಹಾಕಿದವರು ಅವರೇ. ನೀವು ಬರುವುದು ಅವರಿಗೆ ಸಮಾಧಾನವೂ ಹೌದು, ಸಣ್ಣ ಆತಂಕವೂ ಹೌದು. ‘ಇನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಬಿಡು’ ಎಂಬ ಮಾತು ಪ್ರೀತಿಯಿಂದಲೇ ಬಂದರೂ, ಇಷ್ಟು ದಿನ ಮಾಡಿದ್ದನ್ನೆಲ್ಲ ತಳ್ಳಿಹಾಕಿದಂತೆ ಕೇಳಿಸುತ್ತದೆ. ಬದಲಿಗೆ ಕೇಳಿ: ಯಾವ ಡಾಕ್ಟರು, ಯಾವ ಮಾತ್ರೆ, ಯಾವ ಮೆಡಿಕಲ್ ಶಾಪಿನಲ್ಲಿ ಲೆಕ್ಕ, ಕೆಲಸದವರಿಗೆ ಎಷ್ಟು, ಅವರ ರಜೆ ಯಾವತ್ತು. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮೊದಲ ಆರು ತಿಂಗಳು ಇವುಗಳಲ್ಲಿ ಒಂದನ್ನೂ ಬದಲಾಯಿಸಬೇಡಿ.

ಆಸ್ತಿಯ ಮಾತನ್ನೂ ಇಲ್ಲೇ ಮುಗಿಸಿ. ನೀವು ಬಂದು ಹಿರಿಯರ ಮನೆಯಲ್ಲಿ ನೆಲೆಸಿದರೆ, ಮೇಲ್ಮಹಡಿಗೆ ದುಡ್ಡು ಹಾಕಿದರೆ, ನಾಳೆ ಅದು ಯಾರದು ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಅಪ್ಪ ಇರುವಾಗಲೇ, ಎಲ್ಲ ಮಕ್ಕಳೂ ಇರುವಾಗ, ಹೆಣ್ಣುಮಕ್ಕಳೂ ಸೇರಿ, ಮಾತಾಗಲಿ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿ. ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ವರ್ಗಾಯಿಸುವುದಕ್ಕೆ ಹಾಗೆನ್ನುತ್ತಾರೆ. ಸಂಬಂಧಿಕರೆಲ್ಲ ಒಂದೇ ಊರಲ್ಲಿ ಸಿಗುವ ದಿನ ಮತ್ತೆ ಯಾವಾಗ ಬರುತ್ತದೋ ಹೇಳಲಾಗದು.

3. ಸಂಬಳ, ವಿಮೆ, ಇಂಟರ್ನೆಟ್

ಮನೆಯಿಂದಲೇ ಕೆಲಸ ಎನ್ನುವವರು ಕಂಪನಿಯಿಂದ ಅದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಮ್ಯಾನೇಜರ್ ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು, ಮ್ಯಾನೇಜರೂ ಬದಲಾಗುತ್ತಾರೆ.

ಇಂಟರ್ನೆಟ್ ಪರೀಕ್ಷೆಯನ್ನು ನೀವು ಕೂತು ಕೆಲಸ ಮಾಡುವ ಕೋಣೆಯಲ್ಲೇ ಮಾಡಿ. ಹಂಚಿನ ಮನೆಯ ಜಗಲಿಯಲ್ಲಿ ಮೂರು ಕಡ್ಡಿ ಸಿಗುವ ಸಿಗ್ನಲ್ ಒಳಕೋಣೆಗೆ ಹೋದರೆ ಮಾಯ. ಫೈಬರ್ ಸಂಪರ್ಕ ಆ ಬೀದಿಗೆ ಬಂದಿದೆಯೇ ಎಂದು ಪಕ್ಕದ ಮನೆಯವರನ್ನೇ ಕೇಳಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಅನುಭವ ಕೇಳುವುದನ್ನು ಮರೆಯಬೇಡಿ. ಯುಪಿಎಸ್‌ಗೂ ಹಣ ಎತ್ತಿಡಿ.

ಕೆಲಸ ಬಿಟ್ಟು ಬರುವವರು ಗಮನಿಸಬೇಕಾದ್ದು ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ, ಅದರಲ್ಲಿ ಅಪ್ಪ ಅಮ್ಮನ ಹೆಸರಿದ್ದರೆ ಅವರದೂ ಅಷ್ಟೇ. ರಾಜೀನಾಮೆ ಕೊಡುವ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದೇ ಎಂದು ವಿಚಾರಿಸಿ. ಸ್ವಂತ ಪಾಲಿಸಿ ಇದ್ದು ಬೇರೆ ಕಂಪನಿಗೆ ಪೋರ್ಟ್ ಮಾಡುವುದಾದರೆ, ಅಂದರೆ ಕಾಯುವ ಅವಧಿಯ ಲಾಭ ಕಳೆದುಕೊಳ್ಳದೆ ವರ್ಗಾಯಿಸಿಕೊಳ್ಳುವುದಾದರೆ, ನವೀಕರಣದ ದಿನಕ್ಕೆ ಕನಿಷ್ಠ 45 ದಿನ ಮೊದಲು ಅರ್ಜಿ ಹಾಕಬೇಕು. ನಿಮ್ಮೂರಿನ ಯಾವ ಆಸ್ಪತ್ರೆಯಲ್ಲಿ ಆ ಪಾಲಿಸಿಗೆ ನಗದುರಹಿತ ಚಿಕಿತ್ಸೆ ಇದೆ ಎಂಬ ಪಟ್ಟಿಯನ್ನೂ ತೆಗೆದು ನೋಡಿ.

4. ಮಕ್ಕಳ ಶಾಲೆ: ಆರನೇ ತರಗತಿಯ ಲೆಕ್ಕ

ಇದು ಬಹಳ ಜನಕ್ಕೆ ತಡವಾಗಿ ಗೊತ್ತಾಗುವ ವಿಷಯ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಹಂಚುವ, ಎಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸುಗಳ ಸರ್ಕಾರಿ ಕೋಟಾದ ಸೀಟು ಸಿಗಬೇಕಾದರೆ ಸಾಮಾನ್ಯ ನಿಯಮ ಹೀಗಿದೆ: ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ 7 ಶೈಕ್ಷಣಿಕ ವರ್ಷ ಕರ್ನಾಟಕದಲ್ಲಿ ಓದಿರಬೇಕು, ಮತ್ತು ಹತ್ತನೇ ತರಗತಿಯನ್ನೋ ಹನ್ನೆರಡನ್ನೋ ಇಲ್ಲೇ ಪಾಸಾಗಿರಬೇಕು. ಆರನೇ ತರಗತಿಗೆ ಇಲ್ಲಿ ಸೇರಿದ ಮಗುವಿಗೆ ಹನ್ನೆರಡು ಮುಗಿಯುವ ಹೊತ್ತಿಗೆ ಸರಿಯಾಗಿ ಏಳು ವರ್ಷ ಆಗುತ್ತದೆ. ಒಂದು ವರ್ಷ ತಡವಾದರೂ ಈ ದಾರಿ ಮುಚ್ಚಿತು. ಮಗಳು ಈಗ ಐದನೇ ತರಗತಿಯಲ್ಲಿದ್ದರೆ, ‘ಇನ್ನೊಂದು ವರ್ಷ ನೋಡೋಣ’ ಎನ್ನುವ ಮಾತಿಗೆ ಇಷ್ಟು ಬೆಲೆಯಿದೆ.

ತಡವಾದವರಿಗೆ ಇನ್ನೊಂದು ದಾರಿ ಉಂಟು. ಮಗು ಪ್ರಥಮ, ದ್ವಿತೀಯ ಪಿಯುಸಿ ಎರಡನ್ನೂ ಇಲ್ಲೇ ಓದಿ ಪಾಸಾಗಿ, ತಂದೆ ತಾಯಿಯಲ್ಲಿ ಒಬ್ಬರಾದರೂ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದರೆ ಅರ್ಹತೆ ಸಿಗುತ್ತದೆ. ಅದಕ್ಕೆ ನಿಮ್ಮದೇ ಬಾಲ್ಯದ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕು. ನೀವು ಓದಿದ ಶಾಲೆ ಮುಚ್ಚಿಹೋಗಿದ್ದರೆ ದಾಖಲೆ ಎಲ್ಲಿದೆ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಯಲ್ಲಿ ವಿಚಾರಿಸಬೇಕಾಗುತ್ತದೆ. ಸಿಇಟಿ ಅರ್ಜಿ ಹಾಕುವ ವಾರದಲ್ಲಿ ಆಗುವ ಕೆಲಸ ಅಲ್ಲ ಅದು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಒಂದರಿಂದ ಹತ್ತರವರೆಗಿನ ಓದು ಲೆಕ್ಕಕ್ಕೆ ಬರುವುದರಿಂದ, ನಡುವೆ ಬಂದ ಮಕ್ಕಳಿಗೆ ಅದರ ಆಸೆ ಇಟ್ಟುಕೊಳ್ಳಬೇಡಿ. ಆಯಾ ವರ್ಷದ ಕೆಇಎ ಮಾಹಿತಿ ಪುಸ್ತಿಕೆಯನ್ನು ತಪ್ಪದೆ ಓದಿ.

ಕನ್ನಡದ ವಿಷಯ: 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಇಲ್ಲಿನ ಶಾಲೆಗಳಲ್ಲಿ ಕನ್ನಡ ಕಲಿಸುತ್ತಾರೆ. ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೂ ಒತ್ತಕ್ಷರ, ಕಾಗುಣಿತ ಬರುವುದಿಲ್ಲ ಎಂಬುದು ಮೊದಲ ಟೆಸ್ಟಿನಲ್ಲಿ ಗೊತ್ತಾಗುತ್ತದೆ. ಹೊರಡುವ ಆರು ತಿಂಗಳು ಮೊದಲೇ ಅಕ್ಷರ ಕಲಿಸಲು ಶುರು ಮಾಡಿ. ಅಜ್ಜಿಗೆ ವಾರಕ್ಕೊಂದು ಪತ್ರ ಬರೆಸಿದರೂ ಸಾಕು. ಹೊರರಾಜ್ಯದಿಂದ ಬಂದ ಮಕ್ಕಳಿಗೆ ಏನಾದರೂ ಸಡಿಲಿಕೆ ಇದೆಯೇ ಎಂದು ಸೇರಿಸುವ ಮೊದಲೇ ಶಾಲೆಯವರನ್ನು ಕೇಳಿ.

5. ಮನೆ

ಫೋಟೊ ನೋಡಿ ಅಡ್ವಾನ್ಸ್ ಕಳಿಸಬೇಡಿ. ಮಾಲೀಕರ ಹೆಸರಲ್ಲೇ ಖಾತೆ ಇದೆಯೇ ಎಂದು ನೋಡಿ. ನೆಲಮಹಡಿ ಸಿಕ್ಕರೆ ಒಳ್ಳೆಯದು, ಅಮ್ಮ ಮೆಟ್ಟಿಲು ಹತ್ತಬೇಕಾದ ಮನೆಗೆ ಅಮ್ಮ ಬರುವುದು ಕಡಿಮೆಯಾಗುತ್ತದೆ.

ಹೊರಗಿದ್ದವರಿಗೆ ಮರೆತುಹೋಗಿರುವ ಪದ್ಧತಿ ಒಂದಿದೆ, ಭೋಗ್ಯ. ಕೆಲವು ಲಕ್ಷ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಪೂರ್ತಿ ಹಣ ವಾಪಸ್ ಪಡೆಯುವುದು. ಕೇಳಲು ಚೆನ್ನ. ಮಾಲೀಕರು ಅದೇ ಮನೆಯ ಮೇಲೆ ಬ್ಯಾಂಕ್ ಸಾಲ ಮಾಡಿ ಕಂತು ನಿಲ್ಲಿಸಿದ್ದರೆ ನಿಮ್ಮ ಹಣ ಸಿಕ್ಕಿಕೊಳ್ಳುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ, ಅಂದರೆ ಇಸಿ, ತೆಗೆಸಿ ನೋಡಿ. ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ನೋಂದಣಿಗೆ ಒಪ್ಪದ ಮಾಲೀಕರ ಮನೆ ಬಿಟ್ಟುಬಿಡಿ.

6. ಬಿಡುವ ಊರಿನಲ್ಲೇ ಮುಗಿಸಬೇಕಾದ ಕೆಲಸಗಳು

ಈ ಹಂತದಲ್ಲಿ ಒಂದು ತಪ್ಪಿದರೂ ಮತ್ತೆ ಪ್ರಯಾಣ.

ವಾಹನದ ಎನ್‌ಒಸಿ: ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಮರುನೋಂದಣಿ ಮಾಡಿಸಲೇಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 47ನೇ ಕಲಂ. ಅದಕ್ಕೆ ಹಳೆಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬೇಕು. ನಮೂನೆ 28ರಲ್ಲಿ ಅರ್ಜಿ, ಜೊತೆಗೆ ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ತೆರಿಗೆ ಕಟ್ಟಿದ ದಾಖಲೆ. ಅರ್ಜಿಯ ಮೇಲೆ ಚಾಸಿ ನಂಬರಿನ ಅಚ್ಚು ಇರಬೇಕು. ಬಾನೆಟ್ ತೆಗೆದು, ನಂಬರ್ ಕೊರೆದ ಜಾಗವನ್ನು ಬಟ್ಟೆಯಿಂದ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿದರೆ ಅಕ್ಷರಗಳು ಮೂಡುತ್ತವೆ. ಕೆಲವು ಗಾಡಿಗಳಲ್ಲಿ ಅದು ಸೀಟಿನ ಕೆಳಗಿರುತ್ತದೆ. ನಾಲ್ಕೈದು ಪ್ರತಿ ತೆಗೆದಿಟ್ಟುಕೊಳ್ಳಿ, ಇಲ್ಲಿಯೂ ಬೇಕಾಗುತ್ತದೆ. ಬಾಕಿ ಟ್ರಾಫಿಕ್ ದಂಡ ಇದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಗಾಡಿ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು.

ಇಲ್ಲಿ ಜನ ಎಡವುವ ಜಾಗ ಒಂದಿದೆ: ಎನ್‌ಒಸಿಯಲ್ಲಿ ಯಾವ ಆರ್‌ಟಿಒಗೆ ಎಂದು ನಮೂದಾಗುತ್ತದೆ. ಧಾರವಾಡ ಕೆಎ-25, ಹುಬ್ಬಳ್ಳಿ ಕೆಎ-63. ಶಿವಮೊಗ್ಗ ಕೆಎ-14, ಸಾಗರ ಕೆಎ-15. ಅವಳಿ ನಗರ ಎಂದು ಒಂದನ್ನು ಬರೆಸಿ ಇನ್ನೊಂದು ಕಡೆ ಮನೆ ಮಾಡಿದರೆ ತೊಂದರೆ. ಮನೆ ಖಚಿತವಾದ ಮೇಲೆಯೇ ಅರ್ಜಿ ಹಾಕಿ. ಬಿಎಚ್ ಸರಣಿಯ ನಂಬರ್ ಇರುವ ಗಾಡಿಗೆ ಈ ಯಾವ ತಾಪತ್ರಯವೂ ಇಲ್ಲ.

ಗ್ಯಾಸ್: ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿ ಠೇವಣಿ ವಾಪಸ್ ತೆಗೆದುಕೊಂಡು, ವರ್ಗಾವಣೆಯ ವೋಚರ್ ಪಡೆಯಿರಿ. ಇಲ್ಲಿ ಅದನ್ನು ತೋರಿಸಿ, ಠೇವಣಿ ಕಟ್ಟಿ ಸಂಪರ್ಕ ಪಡೆಯಬಹುದು. ಸಿಲಿಂಡರನ್ನು ಲಾರಿಗೆ ಹಾಕುವ ಯೋಚನೆ ಬೇಡ.

ಶಾಲೆಯ ಟಿಸಿ: ಹುಟ್ಟಿದ ದಿನಾಂಕ, ಹೆಸರಿನ ಕಾಗುಣಿತ ಆಧಾರ್ ಜೊತೆ ತಾಳೆಯಾಗಿದೆಯೇ, ಜಾತಿ ನಮೂದು ಸರಿಯಿದೆಯೇ ಎಂದು ಕೌಂಟರಿನಲ್ಲೇ ನಿಂತು ಓದಿ. ರಾಜ್ಯ ಬದಲಾಗುವಾಗ ಕೆಲವು ಶಾಲೆಗಳು ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುತ್ತವೆ, ಮೊದಲೇ ವಿಚಾರಿಸಿ ಮಾಡಿಸಿಕೊಳ್ಳಿ.

ಬಾಡಿಗೆ ಮನೆಯ ಅಡ್ವಾನ್ಸ್, ಸೊಸೈಟಿ ಬಾಕಿ, ಕರೆಂಟ್ ಬಿಲ್ ಎಲ್ಲ ಚುಕ್ತಾ ಆಗಿ, ಹಣ ನಿಮ್ಮ ಖಾತೆಗೆ ಬಂದ ಮೇಲೆ ಬೀಗದ ಕೈ ಕೊಡಿ. ಬೀರುವಿನಲ್ಲಿ ಉಳಿದ ವೈದ್ಯಕೀಯ ಕಡತ, ಮಕ್ಕಳ ಲಸಿಕೆ ಕಾರ್ಡು, ಮದುವೆ ನೋಂದಣಿ ಪತ್ರ ನಿಮ್ಮ ಕೈಚೀಲದಲ್ಲೇ ಬರಲಿ.

7. ಸಾಮಾನು ಸಾಗಣೆ

ಮೊದಲು ಕಡಿಮೆ ಮಾಡಿ. ಅಮ್ಮನ ಮನೆಯಲ್ಲಿ ಮಿಕ್ಸಿ, ಕುಕ್ಕರ್, ಫ್ರಿಜ್ ಇದ್ದೇ ಇವೆ. ಒಂದೇ ಮನೆಗೆ ಹೋಗುವವರು ಅಮ್ಮನ ಸಾಮಾನನ್ನು ಅಟ್ಟಕ್ಕೆ ಹಾಕಿಸಿ ನಿಮ್ಮದನ್ನು ಇಡಬೇಡಿ. ಅಡುಗೆಮನೆ ಅವರದು.

ಸಾಗಣೆಯವರು ಮನೆಗೆ ಬಂದು ನೋಡಿ ದರ ಹೇಳಲಿ. ಫೋನಿನಲ್ಲಿ ಹೇಳುವ ಅಗ್ಗದ ದರ ಲಾರಿ ತುಂಬಿದ ಮೇಲೆ ಏರುತ್ತದೆ, ಇಳಿಸುವಾಗ ಹಮಾಲಿ, ಮಹಡಿ ಎಂದು ಇನ್ನಷ್ಟು ಸೇರುತ್ತದೆ. ಸಾಮಾನಿನ ಪಟ್ಟಿ, ದರ, ತಲುಪಿಸುವ ದಿನಾಂಕ, ಇಡೀ ಲಾರಿಯೋ ಇತರರ ಸಾಮಾನಿನ ಜೊತೆಗೋ ಎಂಬುದು, ಎಲ್ಲವೂ ಕಾಗದದಲ್ಲಿ ಇರಬೇಕು. ಎಲ್‌ಆರ್, ಅಂದರೆ ಲಾರಿ ರಸೀದಿಯ ಪ್ರತಿ ಕೈಗೆ ಬಾರದೆ ಲಾರಿ ಬಿಡಬೇಡಿ. ವಿಮೆ ಎಂದು ಹಣ ಕೇಳಿದರೆ ವಿಮಾ ಕಂಪನಿಯ ಪಾಲಿಸಿ ತೋರಿಸಿ ಎನ್ನಿ. ಬಿಲ್ಲಿನ ಮೇಲೆ ‘ಇನ್ಶೂರೆನ್ಸ್’ ಎಂದು ಬರೆದರೆ ಅದು ವಿಮೆಯಲ್ಲ. ಬಳಸಿದ ಮನೆ ಸಾಮಾನಿಗೆ ಜಿಎಸ್‌ಟಿಯ ಇ-ವೇ ಬಿಲ್ ಬೇಕಿಲ್ಲ, ಆ ಹೆಸರಿನಲ್ಲಿ ದಾರಿ ಮಧ್ಯೆ ಹಣ ಕೇಳಿದರೆ ಕೊಡಬೇಡಿ. ಬೈಕಿನ ಪೆಟ್ರೋಲ್ ಖಾಲಿ ಮಾಡಿ, ಎಲ್ಲ ಬದಿಯಿಂದ ಫೋಟೊ ತೆಗೆದು, ಮೀಟರ್ ರೀಡಿಂಗ್ ಬರೆದಿಟ್ಟುಕೊಳ್ಳಿ.

ತಿಂಗಳು ಗೊತ್ತು ಮಾಡುವಾಗ ಹಿರಿಯರನ್ನು ಕೇಳಿ. ಆಷಾಢದಲ್ಲಿ, ಧನುರ್ಮಾಸದಲ್ಲಿ ಹಾಲುಕ್ಕಿಸುವುದು ಬೇಡ ಎನ್ನುವ ಮನೆಗಳು ಬಹಳ. ಟಿಕೆಟ್, ಲಾರಿ ಎಲ್ಲ ಬುಕ್ ಆದ ಮೇಲೆ ಈ ಮಾತು ಬಂದರೆ ಇಬ್ಬರಿಗೂ ಬೇಸರ. ಮಳೆಗಾಲದಲ್ಲಿ ಘಾಟಿ ದಾಟುವ ಸಾಗಣೆಯನ್ನು ಆದಷ್ಟು ತಪ್ಪಿಸಿ.

8. ಬಂದ ಮೇಲೆ: ಮೊದಲು ಆಧಾರ್, ಉಳಿದದ್ದು ಅದರ ಹಿಂದೆ

ಆಧಾರ್ ವಿಳಾಸ ಬದಲಾದರೆ ಬ್ಯಾಂಕ್, ಗ್ಯಾಸ್, ಆರ್‌ಟಿಒ ಕೆಲಸಗಳು ಸಲೀಸು. ಬಾಡಿಗೆ ಮನೆಯಾದರೆ ಕರಾರು ಪತ್ರ ನಿಮ್ಮ ಹೆಸರಲ್ಲೇ ಇರಲಿ. ಅಪ್ಪನ ಮನೆಯಾದರೆ ನಿಮ್ಮ ಹೆಸರಿನ ದಾಖಲೆ ಇರುವುದಿಲ್ಲವಲ್ಲ, ಅದಕ್ಕೂ ದಾರಿಯಿದೆ. ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇಲೆ ಅವರ ವಿಳಾಸವನ್ನೇ ನಿಮ್ಮ ಆಧಾರಿಗೆ ಆನ್‌ಲೈನ್‌ನಲ್ಲಿ ಹಾಕಿಸಿಕೊಳ್ಳಬಹುದು. ನೀವು ಅರ್ಜಿ ಹಾಕಿದ 30 ದಿನದೊಳಗೆ ಅಪ್ಪ ತಮ್ಮ ಆಧಾರಿನಿಂದ ಒಪ್ಪಿಗೆ ಕೊಡಬೇಕು, ಓಟಿಪಿ ಅವರ ಮೊಬೈಲಿಗೆ ಬರುತ್ತದೆ. ಆ ನಂಬರ್ ಎಂದೋ ಬಿಟ್ಟ ಸಿಮ್ಮಿನದಾಗಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಅವರನ್ನು ಕರೆದೊಯ್ದು ಅದನ್ನು ಸರಿಪಡಿಸಿ.

ಮತದಾರರ ಪಟ್ಟಿಗೆ ನಮೂನೆ 8. ಹೊಸದಾಗಿ ನಮೂನೆ 6 ಹಾಕಿದರೆ ಎರಡು ಕಡೆ ಹೆಸರಿರುವ ತೊಡಕು ಬರುತ್ತದೆ.

ಗಾಡಿಗೆ ನಮೂನೆ 27ರಲ್ಲಿ ಅರ್ಜಿ, ಜೊತೆಗೆ ಕರ್ನಾಟಕದ ಜೀವಾವಧಿ ತೆರಿಗೆ. ಗಾಡಿ ಹಳೆಯದಾದಷ್ಟೂ ತೆರಿಗೆ ಇಳಿಯುತ್ತದೆ. ಆದರೂ ಮೊತ್ತ ದೊಡ್ಡದೇ. ಹಳೆಯ ಗಾಡಿಯಾದರೆ ಅಲ್ಲೇ ಮಾರಿ ಇಲ್ಲಿ ಬೇರೆ ಕೊಳ್ಳುವುದು ಲಾಭವೇ ಎಂದು ಹೊರಡುವ ಮೊದಲೇ ಲೆಕ್ಕ ಹಾಕಿ. ಹೊಸ ನಂಬರ್ ಬಂದ ಮೇಲೆ ನಂಬರ್ ಪ್ಲೇಟ್, ವಿಮೆ, ಫಾಸ್ಟ್ಯಾಗ್ ಮೂರನ್ನೂ ಬದಲಾಯಿಸಿ. ಹಳೆಯ ರಾಜ್ಯಕ್ಕೆ ಕಟ್ಟಿದ್ದ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲನ್ನು ವಾಪಸ್ ಕೇಳಬಹುದು, ಹೊಸ ಆರ್‌ಸಿ ಪ್ರತಿಯೊಂದಿಗೆ ಹಳೆಯ ಆರ್‌ಟಿಒಗೆ ಅರ್ಜಿ ಕಳಿಸಿ. ಬಹಳ ಜನ ಈ ಹಣ ಕೇಳದೆ ಬಿಟ್ಟುಬಿಡುತ್ತಾರೆ.

ಇನ್ನು ಕರೆಂಟ್ ಬಿಲ್. ಗೃಹಜ್ಯೋತಿಯಲ್ಲಿ, ಅಂದರೆ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಲ್ಲಿ, ಅಪ್ಪ ಅಮ್ಮನಿಗೆ ಬಿಲ್ ಸೊನ್ನೆ ಬರುತ್ತಿರಬಹುದು. ನೀವು ನಾಲ್ಕು ಜನ, ಎರಡು ಕಂಪ್ಯೂಟರ್, ಗೀಸರ್, ಒಂದು ಎಸಿ ಸೇರಿದರೆ ತಿಂಗಳ ಬಳಕೆ 200 ಯೂನಿಟ್ ದಾಟುತ್ತದೆ, ಆಗ ದಾಟಿದ ಯೂನಿಟ್ಟಿಗೆ ಮಾತ್ರವಲ್ಲ, ಪೂರ್ತಿ ಬಿಲ್ಲಿಗೆ ಹಣ ಕಟ್ಟಬೇಕು. ಆ ಬಿಲ್ ಬರುವ ಮೊದಲೇ ಅಪ್ಪನಿಗೆ ವಿಷಯ ಹೇಳಿ, ಇನ್ನು ಮುಂದೆ ಕರೆಂಟ್, ಹಾಲು, ದಿನಸಿ ಯಾರ ಲೆಕ್ಕ ಎಂದು ತೀರ್ಮಾನ ಮಾಡಿ. ತಿಂಗಳ ಮೊದಲ ವಾರ ಅಮ್ಮನ ಖಾತೆಗೆ ನಿಗದಿತ ಮೊತ್ತ ಹಾಕುವುದು ಎಲ್ಲಕ್ಕಿಂತ ಸುಲಭ. ಕೇಳಿ ಪಡೆಯುವ ಸ್ಥಿತಿಗೆ ಅವರನ್ನು ತರಬೇಡಿ.

ಆರು ತಿಂಗಳಾದ ಮೇಲೆ, ಹಂತ 2ರಲ್ಲಿ ಬರೆದುಕೊಂಡ ನೋಟ್‌ಬುಕ್ ಹಿಡಿದು ತಮ್ಮನನ್ನೋ ಅಕ್ಕನನ್ನೋ ಊಟಕ್ಕೆ ಕರೆಯಿರಿ. ಡಾಕ್ಟರು, ಮಾತ್ರೆ, ಕೆಲಸದವರು ಇವುಗಳಲ್ಲಿ ಏನನ್ನಾದರೂ ಬದಲಾಯಿಸಬೇಕೆನಿಸಿದರೆ ಆಗ, ಅವರ ಎದುರಿಗೆ, ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಹೇಳಿ.